ಜೀವನಾಂಶದ ಅರ್ಜಿ: ಹಳ್ಳಿಯಿಂದ ನ್ಯಾಯಸ್ಥಾನದವರೆಗೆ

ಗಂಡ ಬಿಟ್ಟ ಹೆಂಡತಿ, ತಂದೆಯ ಆಸರೆಯಿಲ್ಲದ ಮಗು, ಮಕ್ಕಳಿದ್ದೂ ಒಂಟಿಯಾಗಿ ಒಲೆ ಹಚ್ಚುವ ಮುದುಕಿ, ಇಂಥವರಿಲ್ಲದ ಊರು ವಿರಳ. ಇವರಿಗೆ ಅನ್ನ ಬಟ್ಟೆಗೆ ಕೊಡಬೇಕಾದವನು ಕೊಡದಿದ್ದರೆ ನ್ಯಾಯಾಧೀಶರು ಕೊಡಿಸುತ್ತಾರೆಂಬ ಸಂಗತಿಯೂ ಜನಕ್ಕೆ ತಿಳಿಯದ್ದೇನಲ್ಲ. "ಕಚೇರಿಗೆ ಹೋದರೆ ಆಗುತ್ತದಂತೆ" ಎಂದು ಎಲ್ಲರೂ ಹೇಳುತ್ತಾರೆ. ಹೋಗುವವರು ಮಾತ್ರ ಕಡಿಮೆ. ವಕೀಲರಿಗೆ ಕೊಡಲು ಹಣವಿಲ್ಲ, ಓದು ಬರಹ ಬಾರದು, ಕಚೇರಿ ದೂರ, ನಾಲ್ಕು ಜನರ ಮುಂದೆ ಮನೆಯ ಮಾತು ಆಡಲು ನಾಚಿಕೆ. ಹಕ್ಕು ಎಲ್ಲರಿಗೂ ಒಂದೇ. ಆದರೆ ಆ ಹಕ್ಕಿನ ಬಾಗಿಲಿಗೆ ಹೋಗುವ ದಾರಿ ಎಲ್ಲರಿಗೂ ಒಂದೇ ಸಮನಾಗಿಲ್ಲ. ದಾರಿಯಲ್ಲಿರುವ ಹೆಚ್ಚಿನ ತಡೆಗಳಿಗೆ ಕಾನೂನಿನಲ್ಲಿಯೇ ಏನಾದರೊಂದು ಅನುಕೂಲವನ್ನು ಮಾಡಿಟ್ಟಿದ್ದಾರೆ. ಅವು ಯಾವುವೆಂದು ಈ ಪಾಠದಲ್ಲಿ ನೋಡೋಣ. ಮಹಿಳಾ ಮಂಡಲ ಮತ್ತು ಸ್ವಸಹಾಯ ಸಂಘಗಳ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿದರೆ ಒಳ್ಳೆಯದು.

ಮಾತು ಸುಲಭವಾಗಲೆಂದು ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳೋಣ. ಆಕೆಗೆ ಇಬ್ಬರು ಮಕ್ಕಳು. ಹಿರಿಯವನಿಗೆ ಕಿವಿ ಕೇಳಿಸದು, ಮಾತು ಬಾರದು. ಗಂಡ ಬೇರೆ ಜಿಲ್ಲೆಯ ಪಟ್ಟಣದಲ್ಲಿ ದುಡಿಯುತ್ತಾನೆ. ಎರಡು ವರ್ಷದಿಂದ ಒಂದು ಕಾಸೂ ಕಳಿಸಿಲ್ಲ. ಆಕೆ ತವರಿನಲ್ಲಿ ಕೂಲಿ ಮಾಡಿಕೊಂಡಿದ್ದಾಳೆ. ಹೆಬ್ಬೆಟ್ಟು ಒತ್ತುವವಳು. ಈಕೆಗೆ ದಾರಿ ಯಾವುದು?

ಹಕ್ಕು ಯಾರಿಗೆ?

ಮೊದಲು ಕಾನೂನಿನ ಮಾತು. ಹಿಂದೆ 1898ರ ದಂಡ ಪ್ರಕ್ರಿಯೆಯ ಕಾಯಿದೆಯಲ್ಲಿ 488ನೆಯ ಕಲಮು ಎಂದಿದ್ದುದು 1973ರ ಸಂಹಿತೆಯಲ್ಲಿ 125ನೆಯ ಕಲಮಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 144ನೆಯ ಕಲಮಾಗಿದೆ. ಅಂಕಿ ಬದಲಾಯಿತು, ತಿರುಳು ಬದಲಾಗಲಿಲ್ಲ. ಸಾಕಷ್ಟು ವರಮಾನವುಳ್ಳವನು ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಹೆಂಡತಿಯನ್ನಾಗಲಿ, ಮಕ್ಕಳನ್ನಾಗಲಿ, ತಂದೆತಾಯಿಗಳನ್ನಾಗಲಿ ಅಲಕ್ಷಿಸಿದರೆ ತಿಂಗಳು ತಿಂಗಳು ಇಷ್ಟು ಕೊಡು ಎಂದು ನ್ಯಾಯಾಧೀಶರು ಆಜ್ಞೆ ಮಾಡಬಹುದು. ವಿಚ್ಛೇದನವಾಗಿ ಮರುಮದುವೆಯಾಗದ ಹೆಂಗಸೂ ಹೆಂಡತಿಯ ಸಾಲಿಗೇ ಸೇರುತ್ತಾಳೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಹಕ್ಕುಂಟು. ಮಗ ವಯಸ್ಸಿಗೆ ಬಂದಿದ್ದರೂ ದೇಹದ ಅಥವಾ ಬುದ್ಧಿಯ ಊನದಿಂದ ದುಡಿಯಲಾರದೆ ಇದ್ದರೆ ಅವನಿಗೂ ಸಿಕ್ಕುತ್ತದೆ. ನಾವು ಕಲ್ಪಿಸಿಕೊಂಡ ತಾಯಿ ಇದನ್ನು ನೆನಪಿನಲ್ಲಿಡಬೇಕು. ಹಿರಿಯ ಮಗನಿಗೆ ಹದಿನೆಂಟು ತುಂಬಿತೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ.

ಮೊದಲು ಈ ಹಣಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು. 2001ರಲ್ಲಿ ಆ ಮಿತಿಯನ್ನು ತೆಗೆದರು. ಈಗ ಗಂಡನ ವರಮಾನ, ಹೆಂಡತಿಯ ಅಗತ್ಯ, ಮಕ್ಕಳ ಓದು, ಔಷಧದ ಖರ್ಚು ಇವನ್ನೆಲ್ಲ ನೋಡಿ ನ್ಯಾಯಾಧೀಶರೇ ಮೊತ್ತವನ್ನು ನಿಶ್ಚಯಿಸುತ್ತಾರೆ.

ಮದುವೆ, ವಿಚ್ಛೇದನ, ಆಸ್ತಿಗಳ ವಿಷಯದಲ್ಲಿ ಹಿಂದೂಗಳಿಗೆ ಒಂದು, ಮುಸಲ್ಮಾನರಿಗೆ ಒಂದು, ಕ್ರೈಸ್ತರಿಗೆ ಒಂದು ಎಂದು ಬೇರೆ ಬೇರೆ ಕಾನೂನುಗಳಿವೆ. ಆದರೆ ಈ ಕಲಮು ಜಾತಿಮತಗಳನ್ನು ಕೇಳುವುದಿಲ್ಲ. ಇದರ ಬಗೆಗೆ ದೊಡ್ಡ ವಾದವೇ ನಡೆದುಹೋಗಿದೆ. 1985ರಲ್ಲಿ ಶಾ ಬಾನೋ ಎಂಬ ವೃದ್ಧೆಯ ದಾವೆಯಲ್ಲಿ ಸುಪ್ರೀಂ ಕೋರ್ಟು ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಇದು ಸಲ್ಲುತ್ತದೆ ಎಂದಿತು. ಮರುವರ್ಷವೇ ಪಾರ್ಲಿಮೆಂಟು ಬೇರೊಂದು ಕಾಯಿದೆ ಮಾಡಿತು. ಅಂದಿನಿಂದ ಬಹುಕಾಲ ಗೊಂದಲವಿತ್ತು. 2024ರ ಜುಲೈ 10ರಂದು ಅದೇ ಸುಪ್ರೀಂ ಕೋರ್ಟು, 1986ರ ಕಾಯಿದೆ ಇದ್ದರೂ ಈ ಸಾಮಾನ್ಯ ಕಲಮಿನ ದಾರಿಯೂ ಮುಸ್ಲಿಂ ಮಹಿಳೆಗೆ ತೆರೆದೇ ಇದೆ ಎಂದು ಸ್ಪಷ್ಟಪಡಿಸಿತು. ನಮ್ಮ ಸಂಘಗಳಲ್ಲಿ ಎಲ್ಲ ಮತದ ತಾಯಂದಿರೂ ಇರುವುದರಿಂದ ಇದನ್ನು ಬಿಡಿಸಿ ಹೇಳಿದ್ದೇವೆ.

ಗಂಡನೊಡನೆ ಇರಲು ಸರಿಯಾದ ಕಾರಣವಿಲ್ಲದೆ ನಿರಾಕರಿಸಿದವಳಿಗೆ ಸಿಕ್ಕುವುದಿಲ್ಲ ಎಂಬ ನಿಬಂಧನೆಯೂ ಉಂಟು. ಎದುರುಕಡೆಯ ವಕೀಲರು ಹೆಚ್ಚಾಗಿ ಹಿಡಿಯುವುದು ಇದೇ ಹಗ್ಗವನ್ನು. ಆದರೆ ಗಂಡ ಇನ್ನೊಂದು ಮದುವೆಯಾಗಿದ್ದರೆ ಅಥವಾ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಅದೇ ಸರಿಯಾದ ಕಾರಣವೆಂದು ಕಾನೂನು ಬಾಯಿಬಿಟ್ಟು ಹೇಳಿದೆ. ಹೊಡೆತ ಬಡಿತವಿದ್ದ ಮನೆಗೆ ಹೋಗಲೊಲ್ಲೆ ಎನ್ನುವುದೂ ಕಾರಣವೇ.

ವಕೀಲರ ಖರ್ಚು

ಇನ್ನು ದೊಡ್ಡ ತಡೆ ಹಣದ್ದು. 1976ರಲ್ಲಿ ಸಂವಿಧಾನಕ್ಕೆ 39ಎ ಎಂಬ ವಿಧಿ ಸೇರಿತು. ಬಡತನದಿಂದಾಗಲಿ ಬೇರೆ ಕೊರತೆಯಿಂದಾಗಲಿ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಎಂಬುದು ಅದರ ಅರ್ಥ. ಅದನ್ನು ನಡೆಸಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಬಂತು. 1995ರ ನವೆಂಬರ್ 9ರಿಂದ ಜಾರಿಯಾಯಿತು.

ಈ ಕಾಯಿದೆಯ 12ನೆಯ ಕಲಮನ್ನು ಪ್ರತಿಯೊಬ್ಬ ಹೆಣ್ಣುಮಗಳೂ ಬಾಯಿಪಾಠ ಮಾಡಬೇಕೆಂದು ನಮ್ಮ ಅಭಿಪ್ರಾಯ. ಅದರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ವರಮಾನ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಕ್ಕುತ್ತಾರೆ. ಹೆಂಗಸರಿಗೆ ಆದಾಯದ ಸರ್ಟಿಫಿಕೇಟು ಬೇಡ. ಗಂಡನ ಹೆಸರಿನಲ್ಲಿ ಹತ್ತು ಎಕರೆ ಇದ್ದರೂ ಹೆಂಡತಿಗೆ ನೆರವು ನಿರಾಕರಿಸುವಂತಿಲ್ಲ. ಈ ಗುಂಪುಗಳಿಗೆ ಸೇರದ ಗಂಡಸರಿಗೆ ವರಮಾನದ ಮಿತಿಯುಂಟು.

ಎಲ್ಲಿ ಕೇಳಬೇಕು? ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ಅದಕ್ಕೆ ಅಧ್ಯಕ್ಷರು. ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಓದು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಅಲ್ಲಿರುವವರು ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಅರ್ಜಿ ಕನ್ನಡದಲ್ಲಿರಬಹುದು. ಏಳು ದಿನದೊಳಗೆ ತೀರ್ಮಾನ ತಿಳಿಸಬೇಕೆಂದು 2010ರ ನಿಯಮ. ನೇಮಕವಾದ ವಕೀಲರು ಕಕ್ಷಿಗಾರರಿಂದ ಬಿಡಿಕಾಸೂ ಕೇಳಕೂಡದು. "ಸರ್ಕಾರ ಕೊಡುವುದು ಸಾಲದು, ಮೇಲಿನ ಖರ್ಚಿಗೆ ಸ್ವಲ್ಪ ಕೊಡಿ" ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಸಮಿತಿಯ ಕಚೇರಿಗೇ ಹೋಗಿ ಹೇಳಿ. ವಕೀಲರು ಸರಿಯಾಗಿ ನಡೆಸದಿದ್ದರೆ ಬದಲಾಯಿಸಿಕೊಡಿ ಎಂದು ಕೇಳುವುದಕ್ಕೂ ಅವಕಾಶವಿದೆ. ಧರ್ಮಕ್ಕೆ ಸಿಕ್ಕ ವಕೀಲರೆಂದು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ, ಇದು ಧರ್ಮವಲ್ಲ, ಹಕ್ಕು.

ಹೋಗುವ ಮುಂಚೆ ವಿಚಾರಿಸಬೇಕೆಂದಿದ್ದರೆ ಫೋನಿನಲ್ಲಿ 15100 ಒತ್ತಿದರೆ ಕಾನೂನು ನೆರವಿನವರು ಮಾತಾಡುತ್ತಾರೆ. ಕರೆಗೆ ಹಣವಿಲ್ಲ.

ದೂರ, ಭಾಷೆ, ಮೆಟ್ಟಿಲು

ಗಂಡ ಬೇರೆ ಜಿಲ್ಲೆಯಲ್ಲಿದ್ದಾನೆ, ಅಲ್ಲಿಗೇ ಹೋಗಿ ದಾವೆ ಹೂಡಬೇಕೇ? ಬೇಡ. ಜೀವನಾಂಶದ ಅರ್ಜಿಯನ್ನು ಹೆಂಡತಿ ಈಗ ವಾಸವಾಗಿರುವ ಜಿಲ್ಲೆಯಲ್ಲೇ ಹಾಕಬಹುದು. 2024ರ ಹೊಸ ಸಂಹಿತೆಯಲ್ಲಿ ತಂದೆತಾಯಿಗಳಿಗೂ ತಾವಿರುವ ಜಿಲ್ಲೆಯಲ್ಲೇ ಹಾಕುವ ಅನುಕೂಲ ಮಾಡಿದ್ದಾರೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ ಕಡೆ ಕುಟುಂಬ ನ್ಯಾಯಾಲಯಗಳಿವೆ. ಅಲ್ಲಿಯವರು ಅಲ್ಲಿ ಹಾಕಬೇಕು. ಕುಟುಂಬ ನ್ಯಾಯಾಲಯವಿಲ್ಲದ ಕಡೆ ಮ್ಯಾಜಿಸ್ಟ್ರೇಟರ ಮುಂದೆ. ನಮ್ಮ ಹೆಣ್ಣುಮಗಳು ತವರಿನಿಂದಲೇ ಹೋಗಿಬರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಇದನ್ನು ಕಾನೂನು ಸೇವೆಯೆಂದು ಯಾರೂ ಕರೆಯುವುದಿಲ್ಲ. ಆದರೆ ಬಸ್ ಚಾರ್ಜಿಗೆ ಅಂಜಿ ವಾಯಿದೆ ತಪ್ಪಿಸಿಕೊಳ್ಳುತ್ತಿದ್ದವರಿಗೆ ಇದಕ್ಕಿಂತ ದೊಡ್ಡ ಕಾನೂನು ನೆರವು ಯಾವುದು?

ಇನ್ನೊಂದು ಮಾತು. ಮುಂದಿನ ವಾಯಿದೆ ಯಾವಾಗ ಎಂದು ಕೇಳುವುದಕ್ಕಾಗಿಯೇ ಬಸ್ಸು ಹತ್ತಬೇಕಾಗಿಲ್ಲ. ಪ್ರತಿ ದಾವೆಗೂ 16 ಅಕ್ಷರ ಮತ್ತು ಅಂಕಿಗಳ ಒಂದು ಸಿ.ಎನ್.ಆರ್. ಸಂಖ್ಯೆ ಕೊಡುತ್ತಾರೆ. ಅದನ್ನು ವಕೀಲರಿಂದ ಬರೆಸಿಕೊಂಡು ಬಂದರೆ, ಮೊಬೈಲು ಬಲ್ಲ ಊರಿನ ಯಾವ ಹುಡುಗಿಯಾದರೂ ಇ-ಕೋರ್ಟ್ಸ್ ಆಪಿನಲ್ಲಿ ಹಾಕಿ ತಾರೀಖನ್ನು ನೋಡಿ ಹೇಳಬಲ್ಲಳು.

ಈಗ ಕಿವಿ ಕೇಳದ ಮಗನ ವಿಷಯ. ಅವನು ಸಾಕ್ಷಿ ಹೇಳಬೇಕಾಗಿ ಬಂದರೆ? ಮಾತು ಬಾರದವರು ಬರೆದಾಗಲಿ, ಸನ್ನೆಯಿಂದಾಗಲಿ ಸಾಕ್ಷ್ಯ ನುಡಿಯಬಹುದು. ಅದು ಬಾಯಿಮಾತಿನ ಸಾಕ್ಷ್ಯಕ್ಕೇ ಸಮ. ಸನ್ನೆ ತಿಳಿದ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವನ್ನು ನ್ಯಾಯಾಲಯ ಪಡೆಯಬೇಕು, ಆ ಹೇಳಿಕೆಯನ್ನು ವಿಡಿಯೋ ಮಾಡಬೇಕು. ಈ ನಿಯಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 12ನೆಯ ಕಲಮಂತೂ ಊನದ ಕಾರಣದಿಂದ ಯಾರಿಗೂ ನ್ಯಾಯಾಲಯದ ಬಾಗಿಲಲ್ಲಿ ಭೇದವಾಗಬಾರದು, ಅವರವರಿಗೆ ಸಲ್ಲುವ ಭಾಷೆಯಲ್ಲಿ, ಸಲ್ಲುವ ರೀತಿಯಲ್ಲಿ ಹೇಳಿಕೆ ಪಡೆಯುವ ಏರ್ಪಾಡಿರಬೇಕು ಎಂದು ಸರ್ಕಾರಕ್ಕೇ ಹೊಣೆ ಹೊರಿಸಿದೆ.

ಕಾಯಿದೆಯಲ್ಲಿ ಇರುವುದು ಬೇರೆ, ಕಟ್ಟಡದಲ್ಲಿ ಇರುವುದು ಬೇರೆ. ಹಳೆಯ ನ್ಯಾಯಾಲಯಗಳ ಮೆಟ್ಟಿಲು ಎತ್ತರ, ಇಳಿಜಾರು ದಾರಿ ಎಲ್ಲ ಕಡೆ ಇಲ್ಲ. ಕಾಲಿಲ್ಲದವರು ಮೇಲಿನ ಅಂತಸ್ತಿಗೆ ಹತ್ತಲಾರರೆಂದು ವಕೀಲರು ಒಂದು ಚೀಟಿ ಕೊಟ್ಟು ಕೆಳಗಿನ ಕೋಣೆಯಲ್ಲಿ ವಿಚಾರಣೆ ಮಾಡಿರೆಂದು ಬೇಡಬಹುದು. ಸಿವಿಲ್ ದಾವೆಯಾದರೆ ಹಾಸಿಗೆ ಹಿಡಿದವರ ಹೇಳಿಕೆ ಪಡೆಯಲು ಕಮಿಷನರೊಬ್ಬರನ್ನು ಮನೆಗೇ ಕಳಿಸುವ ಪದ್ಧತಿ ಬಹಳ ಹಳೆಯದು. ಕೇಳದೆ ಇದು ಯಾವುದೂ ತಾನಾಗಿ ಬರುವುದಿಲ್ಲ. ದುಭಾಷಿ ಬೇಕೆಂಬುದನ್ನು ಸಾಕ್ಷ್ಯದ ದಿನ ಹೇಳಿದರೆ ಆ ದಿನ ಹಾಳು. ಮೊದಲ ವಾಯಿದೆಯಲ್ಲೇ ಬರವಣಿಗೆಯಲ್ಲಿ ತಿಳಿಸಬೇಕು.

ನಾಚಿಕೆಯ ಮಾತು ಹೇಳಿದೆವು. 1984ರ ಕುಟುಂಬ ನ್ಯಾಯಾಲಯ ಕಾಯಿದೆಯ ಪ್ರಕಾರ ಎರಡು ಪಕ್ಷದವರಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲಿ ನಡೆಸಬೇಕು. ಅಲ್ಲಿ ತೀರ್ಪಿನ ನಕಲೂ ಉಚಿತ.

ಪಂಚಾಯಿತಿಯ ಕಾಗದ

ನಮ್ಮ ಹಳ್ಳಿಗಳಲ್ಲಿ ಗಂಡಹೆಂಡಿರ ಜಗಳ ಮೊದಲು ಬರುವುದು ಹಿರಿಯರ ಕಟ್ಟೆಗೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಎಷ್ಟೋ ಮನೆಗಳು ಹಿರಿಯರ ಬುದ್ಧಿಮಾತಿನಿಂದ ಕೂಡಿಕೊಂಡಿವೆ. ಕುಟುಂಬ ನ್ಯಾಯಾಲಯವೂ ಮೊದಲು ರಾಜಿಗೇ ಪ್ರಯತ್ನ ಮಾಡಬೇಕೆಂಬ ನಿಯಮವಿದೆ. ತೊಂದರೆ ಬರುವುದು ಕಾಗದದಿಂದ. "ಇಷ್ಟು ಸಾವಿರ ಪಡೆದುಕೊಂಡಿದ್ದೇನೆ, ಇನ್ನು ಮುಂದೆ ಜೀವನಾಂಶ ಕೇಳುವುದಿಲ್ಲ" ಎಂದು ಛಾಪಾ ಕಾಗದದ ಮೇಲೆ ಬರೆದು, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆಮೇಲೆ ಆ ಹೆಂಗಸು ಬಾಯಿ ಬಿಟ್ಟಾಗಲೆಲ್ಲ ಆ ಕಾಗದವನ್ನು ತೋರಿಸುತ್ತಾರೆ.

ಅಂಥ ಕಾಗದಕ್ಕೆ ಎಷ್ಟು ಬೆಲೆ? ಕಲಬುರಗಿ ಕಡೆಯ ಒಂದು ದಾವೆಯನ್ನು ನೋಡಿ. ಅಲ್ಲಿ ರಾಜಿಯಾದದ್ದು ಕಟ್ಟೆಯ ಮೇಲಲ್ಲ, ನ್ಯಾಯಾಲಯದ ಎದುರಿನಲ್ಲೇ. ಹೆಂಡತಿ ಒಂದೇ ಗಂಟಿನಲ್ಲಿ 8,000 ರೂಪಾಯಿ ಪಡೆದು ಇನ್ನು ಕೇಳುವುದಿಲ್ಲವೆಂದು ಒಪ್ಪಿದ್ದಳು. ಆ ಹಣ ಎಷ್ಟು ದಿನ ಬಂದೀತು? ವರ್ಷಗಳ ಮೇಲೆ ಆಕೆ ಕಲಬುರಗಿಯ ಕುಟುಂಬ ನ್ಯಾಯಾಲಯದಲ್ಲಿ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಕೆಳಗೆ ಹೊಸದಾಗಿ ದಾವೆ ಹೂಡಿದಳು. ತಿಂಗಳಿಗೆ 2,000 ರೂಪಾಯಿಯ ಡಿಕ್ರಿಯಾಯಿತು. ಗಂಡ ಹೈಕೋರ್ಟಿಗೆ ಹೋದ, ಸುಪ್ರೀಂ ಕೋರ್ಟಿಗೆ ಹೋದ. 2013ರಲ್ಲಿ ಸುಪ್ರೀಂ ಕೋರ್ಟು, ಹಿಂದಿನ ರಾಜಿ ಆಕೆಯ ಹಕ್ಕಿಗೆ ಅಡ್ಡಬರುವುದಿಲ್ಲವೆಂದು ಗಂಡನ ಅರ್ಜಿಯನ್ನು ವಜಾ ಮಾಡಿತು. ನ್ಯಾಯಾಧೀಶರ ಎದುರಿನ ಒಪ್ಪಿಗೆಯ ಗತಿಯೇ ಹೀಗಾದರೆ ಅರಳಿಕಟ್ಟೆಯ ಕಾಗದವನ್ನು ಕಂಡು ಹೆದರಬೇಕಾದ ಕಾರಣವಿಲ್ಲ. ಆದರೂ ಹೊಸದಾಗಿ ಯಾರಾದರೂ ಒತ್ತಿಸಿಕೊಳ್ಳಲು ಬಂದರೆ, ಓದಿಸಿ ಕೇಳದೆ ಒತ್ತಬೇಡಿ.

ಲೋಕ ಅದಾಲತ್ತಿನಲ್ಲಿ ಆಗುವ ರಾಜಿಯ ತೂಕ ಬೇರೆ, ಅದನ್ನು ಮರೆಯಬಾರದು. ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ಬೇಗ ಮುಗಿಯುತ್ತದೆಂಬುದು ಅದರ ಗುಣ. ಆತುರಪಟ್ಟು ಒಪ್ಪಿದರೆ ಅದೇ ದೋಷವಾಗುತ್ತದೆ. "ಒಂದು ದಿನ ಯೋಚಿಸಿ ಹೇಳುತ್ತೇನೆ" ಎನ್ನುವುದಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ.

ಮನೆಯಲ್ಲಿ ಹೊಡೆತವಿದ್ದು, ಹೊರಗೆ ಹಾಕಿದ್ದರೆ ಬೇರೆ ದಾರಿಯುಂಟು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆಯಂತೆ ಆಕೆ ಆ ಮನೆಯಲ್ಲೇ ವಾಸಿಸುವ ಹಕ್ಕು ಕೇಳಬಹುದು, ಹಣ ಕೇಳಬಹುದು, ಮಕ್ಕಳನ್ನು ತನ್ನ ವಶಕ್ಕೆ ಕೇಳಬಹುದು. ಮನೆ ಮಾವನ ಹೆಸರಿನಲ್ಲಿದೆ ಎಂಬ ಮಾತ್ರಕ್ಕೆ ಸೊಸೆಯ ವಾಸದ ಹಕ್ಕು ತಪ್ಪುವುದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದಕ್ಕೆ ರಕ್ಷಣಾಧಿಕಾರಿಗಳು. ಅಂಗನವಾಡಿಯ ದೆಸೆಯಿಂದ ಇವರ ಕಚೇರಿ ಹೆಂಗಸರಿಗೆ ಅಪರಿಚಿತವಲ್ಲ. ರಾತ್ರಿ ಹೊತ್ತಿನ ಅಪಾಯಕ್ಕೆ 181.

ವಯಸ್ಸಾದ ತಂದೆತಾಯಿಗಳಿಗೆ ಇನ್ನೂ ಸುಲಭವಾದ ದಾರಿಯಿದೆ. 2007ರ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ, ವಕೀಲರಿಲ್ಲದೆ, ಅರ್ಜಿ ಕೊಡಬಹುದು.

ಕೈಯಲ್ಲಿ ಏನಿರಬೇಕು?

ಮದುವೆಯಾಗಿದೆ ಎಂಬುದಕ್ಕೆ ರಿಜಿಸ್ಟ್ರಿ ಇಲ್ಲವೆಂದು ಬಹಳ ಮಂದಿ ಹಿಂಜರಿಯುತ್ತಾರೆ. ಜೀವನಾಂಶದ ಅರ್ಜಿಗೆ ಅಷ್ಟು ಕಟ್ಟುನಿಟ್ಟಿನ ರುಜುವಾತು ಬೇಡ. ಲಗ್ನಪತ್ರಿಕೆ, ಫೋಟೋ, ಇಬ್ಬರ ಹೆಸರೂ ಇರುವ ಪಡಿತರ ಚೀಟಿ, ಮಕ್ಕಳ ಶಾಲಾ ದಾಖಲೆ, ಮದುವೆಗೆ ಬಂದಿದ್ದ ಇಬ್ಬರು ನೆಂಟರು, ಇವುಗಳಲ್ಲಿ ಇದ್ದಷ್ಟನ್ನು ಜೋಡಿಸಿಕೊಂಡರೆ ಆಯಿತು. ಮಗನ ಅಂಗವಿಕಲತೆಯ ಗುರುತಿನ ಚೀಟಿ, ಔಷಧದ ಬಿಲ್ಲುಗಳು ಮೊತ್ತವನ್ನು ನಿಶ್ಚಯಿಸುವಾಗ ಕೆಲಸಕ್ಕೆ ಬರುತ್ತವೆ. ಗಂಡನ ವರಮಾನ ತಿಳಿಯದೆಂಬ ಚಿಂತೆಯೂ ಈಗ ಅಷ್ಟಿಲ್ಲ. 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇಬ್ಬರೂ ತಮ್ಮ ಆಸ್ತಿ, ವರಮಾನ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ವಿಧಿಸಿತು. ಜೀವನಾಂಶವನ್ನು ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಹೇಳಿತು. ಹಾಗಾಗಿ ಇನ್ನೊಂದು ಸುಗ್ಗಿ ಮುಗಿಯಲಿ, ಇನ್ನೊಂದು ಹಬ್ಬ ಕಳೆಯಲಿ ಎಂದು ಅರ್ಜಿಯನ್ನು ಮುಂದೂಡಿದಷ್ಟೂ ನಷ್ಟ.

ಪೂರ್ತಿ ತೀರ್ಪಿಗೆ ಕಾಯದೆ ಮಧ್ಯಂತರ ಜೀವನಾಂಶವನ್ನು ಕೇಳಬೇಕು. ಎದುರುಪಕ್ಷಕ್ಕೆ ನೋಟೀಸು ಮುಟ್ಟಿದ 60 ದಿನದೊಳಗೆ, ಸಾಧ್ಯವಾದ ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು ಕಾನೂನು. ಪುಸ್ತಕದ 60 ದಿನ ಕಚೇರಿಯಲ್ಲಿ ಹಿಗ್ಗುವುದುಂಟು. ಗಂಡ ನೋಟೀಸು ತೆಗೆದುಕೊಳ್ಳದೆ ತಪ್ಪಿಸಿಕೊಂಡು ತಿರುಗುವುದೂ ಉಂಟು. ಅವನ ಸರಿಯಾದ ವಿಳಾಸ, ಕೆಲಸದ ಜಾಗ, ಫೋನ್ ನಂಬರುಗಳನ್ನು ಮೊದಲೇ ಸಂಗ್ರಹಿಸಿ ಕೊಟ್ಟರೆ ಅರ್ಧ ತಡ ತಪ್ಪುತ್ತದೆ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆಂದು ಕಂಡರೆ ಅವನಿಲ್ಲದೆಯೇ ವಿಚಾರಣೆ ನಡೆಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ.

ಆಜ್ಞೆಯಾದ ಮೇಲೂ ಹಣ ಬಾರದಿದ್ದರೆ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕು. ಬಾಕಿಗೆ ವಾರಂಟು ಹೊರಡುತ್ತದೆ. ಆಗಲೂ ಕೊಡದವನನ್ನು ಪ್ರತಿ ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿಬಂದೆ, ಲೆಕ್ಕ ತೀರಿತು ಎನ್ನುವಂತಿಲ್ಲ. ಸಾಲ ಹಾಗೇ ಉಳಿಯುತ್ತದೆಂದು 1989ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಆದರೆ ಇಲ್ಲೊಂದು ಗಡುವಿದೆ, ಬಹಳ ಹೆಂಗಸರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಯಾವ ತಿಂಗಳ ಹಣ ಬಾಕಿಯೋ ಆ ದಿನದಿಂದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಹಾಕಬೇಕು. ಹಾಕದಿದ್ದರೆ ಆ ತಿಂಗಳಿಗೆ ವಾರಂಟು ಹೊರಡದು. ಸಂಘದ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಸದಸ್ಯೆಯ ಹೆಸರು ಬರೆದು, ಹಣ ಬಂದ ತಿಂಗಳಿಗೊಂದು ಗುರುತು, ಬಾರದ ತಿಂಗಳಿಗೊಂದು ಗುರುತು ಹಾಕುತ್ತ ಹೋಗಿ. ಬಾರದ ಗುರುತು ಎರಡು ಮೂರು ಆಗುತ್ತಲೇ ಆಕೆಯನ್ನು ಕರೆದುಕೊಂಡು ತಾಲ್ಲೂಕು ಸಮಿತಿಯ ಕಚೇರಿಗೆ ಹೋಗಿ; ಹನ್ನೊಂದನೆಯ ತಿಂಗಳವರೆಗೆ ಕಾಯಬೇಡಿ.